ಮಗ್ಗುಲು ಬದಲಿಸುವವರು

ನಮ್ಮ ಕಡೆ ಒಂದು ರೂಢಿಯಿದೆ. ಯಾರಾದರೂ ಹಾಸಿಗೆ ಹಿಡಿದಿದ್ದಾರೆಂದು ಗೊತ್ತಾದರೆ ನೋಡಿ ಬರಲು ಹೋಗಬೇಕು, ಹೋಗುವಾಗ ಕೈಬೀಸಿಕೊಂಡು ಹೋಗಬಾರದು. ಮೂಸಂಬಿಯೋ, ಬ್ರೆಡ್ಡೋ, ಹಾರ್ಲಿಕ್ಸೋ, ಏನಾದರೊಂದು ಕೈಯಲ್ಲಿರಬೇಕು. ನಾನು ಚಿಕ್ಕವಳಿದ್ದಾಗ ಬ್ರೆಡ್ಡು ಎಂದರೆ ಜ್ವರದ ತಿಂಡಿ. ಜ್ವರ ಬರಲೆಂದು ಹಾರೈಸುವಷ್ಟು ಅದರ ಮೇಲೆ ಆಸೆ ನಮಗೆ. ಅದಿರಲಿ. ಹೋಗಿ, ಮಂಚದ ಹತ್ತಿರ ಕುರ್ಚಿ ಎಳೆದು ಕುಳಿತು, ಮಲಗಿದವರ ಕೈ ಹಿಡಿದು, ಊಟ ಸೇರುತ್ತದೆಯೇ, ಔಷಧ ಯಾರದ್ದು, ಮಂಗಳೂರಿಗೆ ಒಮ್ಮೆ ತೋರಿಸಬಾರದೇ ಎಂದೆಲ್ಲ ವಿಚಾರಿಸುತ್ತೇವೆ. ಅಷ್ಟರಲ್ಲಿ ಒಳಗಿನಿಂದ ಕಾಫಿ ಬರುತ್ತದೆ. ಕುಡಿದು ಏಳುತ್ತೇವೆ. ಆ ಕಾಫಿ ತಂದವರನ್ನು "ನಿಮಗೆ ರಾತ್ರಿ ನಿದ್ದೆ ಆಗ್ತದಾ?" ಎಂದು ಯಾರಾದರೂ ಕೇಳಿದ್ದನ್ನು ನೀವು ಕಂಡಿದ್ದೀರಾ? ನಾನಂತೂ ಕಂಡದ್ದು ಕಡಿಮೆ.

ಕಾಫಿ ತಂದವರು ಹೆಚ್ಚಾಗಿ ಸೊಸೆ, ಇಲ್ಲವೇ ಹೆಂಡತಿ, ಮಗಳು. ಮಗನೇ ನಿಂತು ಎಲ್ಲ ಮಾಡುವ ಮನೆಗಳೂ ಇವೆ, ಅವರ ವಿಷಯ ಊರೆಲ್ಲ ಮೆಚ್ಚಿ ಮಾತಾಡುತ್ತದೆ. ಅದೇ ಕೆಲಸವನ್ನು ಸೊಸೆ ಮಾಡಿದರೆ ಊರು ಸುಮ್ಮನಿರುತ್ತದೆ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ ಇದರ ಲೆಕ್ಕ ಸಿಗುತ್ತದೆ. 15ರಿಂದ 59 ವರ್ಷದ ಹೆಂಗಸರಲ್ಲಿ ಮನೆಯವರ ಆರೈಕೆ ಮಾಡುವವರು 41 ಶೇಕಡಾ, ಗಂಡಸರಲ್ಲಿ 21ರ ಆಸುಪಾಸು. ಮಾಡುವವರು ಅದಕ್ಕೆ ಕೊಡುವ ಹೊತ್ತು ಹೆಂಗಸರದ್ದು ದಿನಕ್ಕೆ 140 ನಿಮಿಷ, ಗಂಡಸರದ್ದು 74. ಇದರಲ್ಲಿ ಮಕ್ಕಳನ್ನು ಸಾಕುವುದೂ ಸೇರಿದೆ. ಹಾಸಿಗೆ ಹಿಡಿದವರಿರುವ ಮನೆಯನ್ನಷ್ಟೇ ಹಿಡಿದರೆ ಅಲ್ಲಿ ನಿಮಿಷದ ಲೆಕ್ಕ ನಡೆಯುವುದಿಲ್ಲ, ಇಡೀ ದಿನವೇ ಅದಕ್ಕೆ ಹೋಗುತ್ತದೆ.

ನಮ್ಮ ನೆರೆಮನೆಯ ಅಕ್ಕನ ಮಾತಿಗೆ ಬರುತ್ತೇನೆ. ಅವರ ಅತ್ತೆಗೆ ಪಾರ್ಶ್ವವಾಯು ಹೊಡೆದು ಬಲಭಾಗ ಪೂರ್ತಿ ಹೋಗಿದೆ, ಮಾತು ಅರ್ಧಂಬರ್ಧ. 2023ರ ವಿಧಾನಸಭೆ ಚುನಾವಣೆಯ ಹೊತ್ತಿಗೆ ಅಜ್ಜಿಗೆ ಎಂಬತ್ತು ದಾಟಿತ್ತು. ಆ ಸಲ ಕರ್ನಾಟಕದಲ್ಲಿ ಎಂಬತ್ತು ದಾಟಿದವರೂ ಹೆಚ್ಚಿನ ಅಂಗವೈಕಲ್ಯವಿರುವವರೂ ಮನೆಯಲ್ಲೇ ಓಟು ಹಾಕಬಹುದೆಂದು ಚುನಾವಣಾ ಆಯೋಗ ಹೇಳಿತಲ್ಲ, ನೆನಪಿದೆಯೇ? (ಮರುವರ್ಷ ಲೋಕಸಭೆಗೆ ಆ ವಯಸ್ಸನ್ನು 85ಕ್ಕೆ ಏರಿಸಿದರು.) ಬಿಎಲ್‌ಒ ಆಗಿದ್ದ ಅಂಗನವಾಡಿ ಟೀಚರು ಮೊದಲೇ ಬಂದು 12ಡಿ ನಮೂನೆ ಬರೆಸಿಕೊಂಡು ಹೋದರು. ಮೇ 10ರ ಮತದಾನಕ್ಕೆ ಮೊದಲೇ ಒಂದು ಮಧ್ಯಾಹ್ನ ಜೀಪು ಬಂತು. ಇಬ್ಬರು ಮತಗಟ್ಟೆ ಅಧಿಕಾರಿಗಳು, ಒಬ್ಬ ಪೊಲೀಸು, ವಿಡಿಯೋ ಮಾಡುವ ಹುಡುಗ. ಅಂಗಳದಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದರು. ಮಂಚದ ಮೇಲೆ ರಟ್ಟಿನ ಮರೆ ನಿಲ್ಲಿಸಿ, ಮತಪತ್ರ ಕೊಟ್ಟು, ಲಕೋಟೆಯೊಳಗೆ ಲಕೋಟೆ ಹಾಕಿಸಿ, ಅಂಟಿಸಿ, ಪೆಟ್ಟಿಗೆಗೆ ಹಾಕಿಸಿದರು. ಅಜ್ಜಿಗೆ ಆ ದಿನ ಬಂದ ಕಳೆ ನೋಡಬೇಕಿತ್ತು. ಎಡಗೈಯಲ್ಲಿ ತಲೆಕೂದಲು ಸವರಿಕೊಂಡು ವಿಡಿಯೋ ಹುಡುಗನ ಕಡೆಗೇ ನೋಡುತ್ತಿದ್ದರು.

ಅಧಿಕಾರಿಗಳು ಹೊರಟ ಮೇಲೆ ಅಕ್ಕ ಗೋಡೆಗೆ ಒರಗಿ ಕುಳಿತು ಹೇಳಿದ್ದು ಇಷ್ಟು: "ಓಟಿಗೆ ಇಷ್ಟು ಜನ ಮನೆಗೆ ಬರ್ಲಿಕ್ಕೆ ಆಗ್ತದೆ ಅಂತಾದ್ರೆ, ತಿಂಗಳಿಗೆ ಒಮ್ಮೆ ಒಬ್ರು ನರ್ಸ್ ಬರ್ಲಿಕ್ಕೆ ಆಗುದಿಲ್ವಾ?"

ದೂರುವ ದನಿಯಲ್ಲಿ ಅವರು ಹೇಳಿದ್ದಲ್ಲ, ನಿಜಕ್ಕೂ ಕೇಳಿದ್ದು. ಅಂದಿನಿಂದ ಆ ಪ್ರಶ್ನೆ ನನ್ನ ತಲೆಯಲ್ಲಿ ಕುಳಿತುಬಿಟ್ಟಿದೆ. ಸರ್ಕಾರ ಹೊಸ್ತಿಲು ದಾಟಿ ಬರುವುದು ಯಾವಾಗ, ಯಾರಿಗಾಗಿ?

ಅಂಚೆಯವರು ಬರುತ್ತಾರೆ ಎನ್ನಿ. ನಮ್ಮ ಅಂಚೆಯಣ್ಣನನ್ನು ನಾನು ಯಾವಾಗಲೂ ಈ ವಿಷಯದಲ್ಲಿ ಮೆಚ್ಚಿಕೊಳ್ಳುತ್ತೇನೆ. ಪಿಂಚಣಿಯವರು ವರ್ಷಕ್ಕೊಮ್ಮೆ ಬದುಕಿದ್ದೇವೆಂದು ಪ್ರಮಾಣಪತ್ರ ಕೊಡಬೇಕಷ್ಟೆ. ಮೊದಲೆಲ್ಲ ನವೆಂಬರ್ ಬಂತೆಂದರೆ ಹಾಸಿಗೆ ಹಿಡಿದ ನಿವೃತ್ತ ಮೇಷ್ಟ್ರನ್ನು ಇಬ್ಬರು ಎತ್ತಿ ರಿಕ್ಷಾದಲ್ಲಿ ಕೂರಿಸಿ ಬ್ಯಾಂಕಿನವರೆಗೆ ಕರೆದುಕೊಂಡು ಹೋಗುವುದು, ಮ್ಯಾನೇಜರು ಹೊರಗೆ ಬಂದು ರಿಕ್ಷಾದೊಳಗೆ ಇಣುಕಿ ನೋಡುವುದು, ಇದೆಲ್ಲ ಇತ್ತು. 2014ರ ನವೆಂಬರಿನಲ್ಲಿ ಜೀವನ್ ಪ್ರಮಾಣ್ ಎಂಬ ಡಿಜಿಟಲ್ ಪ್ರಮಾಣಪತ್ರ ಶುರುವಾಯಿತು. 2020ರಿಂದ ಅಂಚೆಯವರೇ ಬೆರಳಚ್ಚಿನ ಯಂತ್ರ ಹಿಡಿದು ಮನೆಗೆ ಬರುತ್ತಾರೆ, ಎಪ್ಪತ್ತು ರೂಪಾಯಿ ಶುಲ್ಕ. ಮುದುಕರ ಬೆರಳಿನ ಗೆರೆ ಸವೆದಿದ್ದರೆ ಈಗ ಮುಖ ತೋರಿಸಿಯೂ ಆಗುತ್ತದೆ. ಅದರಿಂದ ಉಳಿದದ್ದು ಯಾರ ಶ್ರಮ? ಎತ್ತಿ ಕೂರಿಸಬೇಕಿದ್ದವರದ್ದು, ಅವತ್ತಿನ ಕೂಲಿ ಬಿಡಬೇಕಿದ್ದವರದ್ದು. ಆ ಯೋಜನೆ ಪಿಂಚಣಿದಾರರ ಹೆಸರಿನಲ್ಲಿರಬಹುದು, ಆದರೆ ಅದರ ಉಪಕಾರ ಮುಟ್ಟಿದ್ದು ನೋಡಿಕೊಳ್ಳುವವರಿಗೆ. ನನಗೆ ಹೀಗನಿಸುತ್ತದೆ: ಒಬ್ಬ ನೌಕರ ಒಂದು ಮನೆಗೆ ತಾನಾಗಿ ನಡೆದು ಬಂದರೆ ಆ ಮನೆಯ ಒಬ್ಬರ ಒಂದು ದಿನ ಉಳಿಯುತ್ತದೆ.

ಇದಕ್ಕೆ ತಿರುವುಮುರುವಾದ ಇನ್ನೊಂದು ಮಾತೂ ಹೇಳಬೇಕು. 2007ರಲ್ಲಿ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಬಂತು. ನಮ್ಮಲ್ಲಿ ಉಪವಿಭಾಗಾಧಿಕಾರಿಗಳೇ, ಎಂದರೆ ಎಸಿ ಸಾಹೇಬರೇ, ಅದರ ನ್ಯಾಯಮಂಡಳಿಯ ಮುಖ್ಯಸ್ಥರು. ಮಕ್ಕಳು ನೋಡಿಕೊಳ್ಳದಿದ್ದರೆ ತಿಂಗಳಿಗೆ ಹತ್ತು ಸಾವಿರದವರೆಗೆ ಕೊಡಿಸಬಹುದು, ಬೀದಿಗೆ ಬಿಟ್ಟರೆ ಮೂರು ತಿಂಗಳವರೆಗೆ ಸೆರೆವಾಸವನ್ನೂ ಕಾಯ್ದೆ ಹೇಳುತ್ತದೆ. ಬೇಕಾದ ಕಾಯ್ದೆಯೇ. ಬರೆದುಕೊಟ್ಟ ಆಸ್ತಿಯನ್ನು ಮರಳಿ ಪಡೆದ ಮುದುಕರ ಮುಖದ ನೆಮ್ಮದಿ ನೋಡಿದವರಿಗೆ ಅದರ ಬೆಲೆ ಗೊತ್ತು. ಆದರೆ ನೋಡಿಕೊಳ್ಳದವರನ್ನು ಹುಡುಕಿ ಕರೆಸಲು ಕಚೇರಿಯಿದೆ, ನೋಟಿಸಿದೆ, ವಿಚಾರಣೆಯ ದಿನವಿದೆ. ನೋಡಿಕೊಳ್ಳುತ್ತಲೇ ಇರುವವರನ್ನು ಕರೆದು "ಹೇಗಿದ್ದೀರಿ, ಏನು ಬೇಕು" ಎಂದು ಕೇಳಲು ಯಾವ ಕಚೇರಿಯಿದೆ?

ಇದು ನಮ್ಮ ದೇಶದ್ದು ಮಾತ್ರ ಎಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಮೇರಿ ವೆಬ್‌ಸ್ಟರ್ ಎಂಬೊಬ್ಬರಿದ್ದರು, ಚರ್ಚಿನ ಪಾದ್ರಿ. ವಯಸ್ಸಾದ ತಂದೆತಾಯಿಗಳನ್ನು ನೋಡಿಕೊಳ್ಳಲು 1954ರಲ್ಲಿ ಕೆಲಸ ಬಿಟ್ಟರು. ಒಂಬತ್ತು ವರ್ಷ ಕಳೆದ ಮೇಲೆ, 1963ರಲ್ಲಿ, ತನ್ನಂಥ ಮದುವೆಯಾಗದ ಹೆಣ್ಣುಮಕ್ಕಳ ಪಾಡನ್ನು ಪತ್ರಿಕೆಗಳಿಗೆ ಬರೆದರು. ನಾನೂ ಹೀಗೇ ಇದ್ದೇನೆ ಎಂದು ಊರೂರಿನಿಂದ ಹೆಂಗಸರು ಅವರಿಗೆ ಬರೆದರು. ಅದರಿಂದ 1965ರಲ್ಲಿ ಒಂದು ಸಂಘ ಹುಟ್ಟಿತು, 1976ರಲ್ಲಿ ಅಲ್ಲಿನ ಸರ್ಕಾರ ಆರೈಕೆ ಮಾಡುವವರಿಗೆಂದೇ ಒಂದು ಭತ್ಯೆ ಶುರುಮಾಡಿತು. ಇಲ್ಲಿಯವರೆಗೆ ಕೇಳಲು ಚೆನ್ನಾಗಿದೆ, ಅಲ್ಲವೇ? ಆದರೆ ಆ ಭತ್ಯೆ ಮದುವೆಯಾದ ಹೆಂಗಸರಿಗೆ ಇರಲಿಲ್ಲ! ಅವರು ಹೇಗೂ ಮನೆಯಲ್ಲೇ ಇರುವವರು ಎಂಬುದು ಲೆಕ್ಕಾಚಾರ. ಜಾಕ್ವೆಲಿನ್ ಡ್ರೇಕ್ ಎಂಬ ಗೃಹಿಣಿ ತಾಯಿಯನ್ನು ನೋಡಿಕೊಳ್ಳಲು ನೌಕರಿ ಬಿಟ್ಟಿದ್ದವರು, ಇದನ್ನು ಒಪ್ಪದೆ ಹೋರಾಡಿದರು. ಮೊಕದ್ದಮೆ ಯುರೋಪಿನ ನ್ಯಾಯಾಲಯದವರೆಗೆ ಹೋಗಿ 1986ರಲ್ಲಿ ಆ ನಿಯಮ ಬಿದ್ದಿತು. ಹತ್ತು ವರ್ಷ! ಆ ಹತ್ತು ವರ್ಷ ಎಷ್ಟು ಮನೆಗಳಲ್ಲಿ ಎಷ್ಟು ಸೊಸೆಯಂದಿರು, ಹೆಂಡಂದಿರು ದುಡಿದರೋ. "ಹೇಗೂ ಮನೆಯಲ್ಲೇ ಇದ್ದಾಳಲ್ಲ" ಎಂಬ ಮಾತು ನಮ್ಮ ಜಗಲಿಯಲ್ಲೂ ದಿನಾ ಕೇಳುವ ಮಾತೇ.

ದೂರ ಹೋದೆ. ಹತ್ತಿರ ಬರೋಣ, ಕಾಸರಗೋಡಿಗೆ. ನಮ್ಮ ಊರಿನಿಂದ ಗುಡ್ಡ ಇಳಿದರೆ ಕೇರಳ. ನನ್ನ ಚಿಕ್ಕಮ್ಮನನ್ನು ಕೊಟ್ಟದ್ದು ಆಚೆ ಬದಿಗೆ. ಅಲ್ಲಿ ಮಾತು ಕನ್ನಡ, ತುಳು, ಮಲಯಾಳ ಎಲ್ಲ ಕಲಸಿದ್ದು; ಸರ್ಕಾರ ಮಾತ್ರ ತಿರುವನಂತಪುರದ್ದು. ಚಿಕ್ಕಪ್ಪ ಮಲಗಿದ ಮೇಲೆ ನಾನು ಅಲ್ಲಿಗೆ ಹೋದಾಗ ಅಂಗಳದಲ್ಲಿ ಪಂಚಾಯತಿನ ಗಾಡಿ ನಿಂತಿತ್ತು. ಪಾಲಿಯೇಟಿವ್ ನರ್ಸ್ ಬಂದಿದ್ದರು, ಜೊತೆಗೆ ಆಶಾ ಕಾರ್ಯಕರ್ತೆ.

ಕೇರಳದಲ್ಲಿ ಇದು ಒಂದೇ ದಿನದಲ್ಲಿ ಆದದ್ದಲ್ಲ. 1993ರಲ್ಲಿ ಕೋಯಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ನೋವು ತಗ್ಗಿಸುವ ಒಂದು ಚಿಕ್ಕ ಚಿಕಿತ್ಸಾಲಯ ಶುರುಮಾಡಿದರು. ಆಸ್ಪತ್ರೆಗೆ ಬರಲಾಗದವರೇ ಹೆಚ್ಚೆಂದು ಕಂಡುಬಂದಾಗ ಊರಿನವರನ್ನೇ ತರಬೇತು ಮಾಡಿ ಮನೆಮನೆಗೆ ಕಳಿಸಿದರು. ಮಲಪ್ಪುರಂ ಕಡೆ ಜನ ಇದನ್ನು ಮಸೀದಿ ದೇವಸ್ಥಾನದ ಕೆಲಸದಷ್ಟೇ ತಮ್ಮದೆಂದು ಹಿಡಿದುಕೊಂಡರು. 2008ರಲ್ಲಿ ಕೇರಳ ಸರ್ಕಾರ ಈ ಪಾಲಿಯೇಟಿವ್, ಎಂದರೆ ಉಪಶಾಮಕ, ಆರೈಕೆಗೆ ನೀತಿಯನ್ನೇ ಹೊರಡಿಸಿತು, ದೇಶದಲ್ಲಿ ಅದೇ ಮೊದಲು. ಮುಂದೆ ಮನೆಗೆ ಹೋಗುವ ನರ್ಸಿನ ಹೊಣೆ ಪಂಚಾಯತಿನದ್ದಾಯಿತು. ನನಗೆ ಮುಖ್ಯವೆನಿಸುವುದು ಈ ಕೊನೆಯ ಮಾತು. ಒಳ್ಳೆಯ ಮನಸ್ಸಿನವರು ಶುರುಮಾಡಿದ್ದನ್ನು ಸರ್ಕಾರದವರು ತಮ್ಮ ಬಜೆಟ್ಟಿನ ಸಾಲಿಗೆ ಸೇರಿಸಿಕೊಂಡರಲ್ಲ, ಅದರಿಂದ ಆ ಗಾಡಿ ಇವತ್ತಿಗೂ ಓಡುತ್ತಿದೆ.

ಅವತ್ತು ಚಿಕ್ಕಮ್ಮನ ಮನೆಯಲ್ಲಿ ನರ್ಸು ಮಾಡಿದ್ದನ್ನು ಹೇಳುತ್ತೇನೆ ಕೇಳಿ. ಮೂತ್ರದ ಪೈಪು ಬದಲಿಸಿದರು. ಬೆನ್ನು, ಸೊಂಟ, ಹಿಮ್ಮಡಿ ನೋಡಿದರು. ಸೊಂಟದ ಎಲುಬಿನ ಮೇಲೆ ಒಂದು ಕೆಂಪು ಗುರುತು. ಬೆರಳಿನಲ್ಲಿ ಒತ್ತಿ ನೋಡಿ, "ಹುಣ್ಣು ಶುರು ಆಗುದು ಹೀಗೆ" ಎಂದರು. ಆಮೇಲೆ ಚಿಕ್ಕಮ್ಮನನ್ನು ಹತ್ತಿರ ಕರೆದು, ಅಷ್ಟು ಭಾರದ ದೇಹವನ್ನು ಒಬ್ಬರೇ ಹೇಗೆ ಮಗ್ಗುಲು ಬದಲಿಸಬಹುದೆಂದು ತೋರಿಸಿದರು. ಯಾವ ಬದಿಗೆ ತಿರುಗಿಸಬೇಕೋ ಆ ಬದಿಯಲ್ಲಿ ನಿಲ್ಲಬೇಕು. ಆಚೆಯ ಕೈಯನ್ನು ಎದೆಯ ಮೇಲೆ ತರಬೇಕು, ಆಚೆಯ ಮೊಣಕಾಲು ಮಡಚಬೇಕು. ಒಂದು ಕೈ ಭುಜಕ್ಕೆ, ಇನ್ನೊಂದು ಸೊಂಟಕ್ಕೆ, ಆಮೇಲೆ ತನ್ನ ಕಡೆಗೆ ಎಳೆದುಕೊಳ್ಳುವುದು. ಎತ್ತುವುದಲ್ಲ, ಉರುಳಿಸುವುದು. ಬೆನ್ನಿಗೊಂದು ದಿಂಬು, ಎರಡು ಮೊಣಕಾಲಿನ ನಡುವೆ ಇನ್ನೊಂದು. ಮೇಲಕ್ಕೆ ಸರಿಸಬೇಕಾದರೆ ಹಳೆಯ ಹತ್ತಿ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಹೆಗಲಿನಿಂದ ತೊಡೆಯವರೆಗೆ ಅಡಿಗೆ ಹಾಸಿಟ್ಟರೆ ಸಾಕು, ಇಬ್ಬರು ಎರಡು ಬದಿಯ ಅಂಚು ಹಿಡಿದರೆ ಮೈ ಉಜ್ಜದೆ ಸರಿಯುತ್ತದೆ. ಅಡಿಯಲ್ಲಿ ಸುಕ್ಕು ಇರಬಾರದು. ಎರಡೆರಡು ಗಂಟೆಗೆ. ರಾತ್ರಿಯೂ.

"ರಾತ್ರಿಯೂ" ಎಂದಾಗ ಚಿಕ್ಕಮ್ಮನ ಮುಖ ನೋಡಿದ ಆ ನರ್ಸು ಬ್ಯಾಗಿನಿಂದ ಬಿ.ಪಿ. ಯಂತ್ರ ತೆಗೆದು ಈ ಬಾರಿ ಚಿಕ್ಕಮ್ಮನ ತೋಳಿಗೆ ಪಟ್ಟಿ ಸುತ್ತಿದರು. ಚಿಕ್ಕಮ್ಮ "ನನಗೆಂತ ಆಗಿದೆ ಟೀಚರೇ" ಎಂದು ಗಾಬರಿಯಲ್ಲಿ ನರ್ಸನ್ನು ಟೀಚರು ಮಾಡಿಬಿಟ್ಟರು. ಬಿ.ಪಿ. ಏರಿತ್ತು. ಮಾತ್ರೆ ಬಂತು. ಮನೆಗೆ ಬರುತ್ತಿದ್ದ ನೆಂಟರಲ್ಲಿ, ನನ್ನನ್ನೂ ಸೇರಿಸಿ, ಒಬ್ಬರಿಗೂ ಹೊಳೆಯದ ಕೆಲಸ ಆ ಪಂಚಾಯತ್ ನರ್ಸಿಗೆ ಹೊಳೆಯಿತು. ಅವರಿಗೆ ಅದನ್ನು ತರಬೇತಿಯಲ್ಲೇ ಕಲಿಸುತ್ತಾರಂತೆ: ಮಂಚದ ಮೇಲಿನವರನ್ನು ನೋಡಿದ ಮೇಲೆ ಮಂಚದ ಪಕ್ಕದವರನ್ನೂ ನೋಡಿ ಬನ್ನಿ ಎಂದು.

ಕೇರಳದಲ್ಲಿ ಆಶ್ವಾಸಕಿರಣಂ ಎಂಬ ಯೋಜನೆಯೂ ಇದೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ. ಆ ದುಡ್ಡು ಸಮಯಕ್ಕೆ ಬರುವುದಿಲ್ಲ, ತಿಂಗಳುಗಟ್ಟಲೆ ಬಾಕಿ ಉಳಿಯುತ್ತದೆ ಎಂಬ ದೂರು ಅಲ್ಲಿನ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಅದು ಸರಿಯಾಗಲೇಬೇಕು. 600 ಎಂದರೆ ಡೈಪರಿಗೂ ಸಾಲದು, ಅದೂ ತಡವಾದರೆ ಹೇಗೆ?

ಕಾಸರಗೋಡೆಂದರೆ ಎಂಡೋಸಲ್ಫಾನ್ ನೆನಪಾಗದೆ ಇರುತ್ತದೆಯೇ? ಎಪ್ಪತ್ತರ ದಶಕದ ಕೊನೆಯಿಂದ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರಿ ನಿಗಮದ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ಕೀಟನಾಶಕದ ವಿಷ ಸುರಿಯಿತು. ಎಣ್ಮಕಜೆಯ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ಮಕ್ಕಳನ್ನು ನೋಡಿ ಕೇಳಬೇಕಾದ ಪ್ರಶ್ನೆ ಕೇಳಿದರು, ಪಕ್ಕದಲ್ಲೇ ಇದ್ದ ಪತ್ರಕರ್ತ ಶ್ರೀ ಪಡ್ರೆಯವರು ಬರೆದರು. ಪೆರಿಯದ ಲೀಲಾಕುಮಾರಿ ಅಮ್ಮ ಕೃಷಿ ಇಲಾಖೆಯ ನೌಕರೆಯಾಗಿದ್ದೂ ತನ್ನ ಸರ್ಕಾರದ ನಿಗಮದ ವಿರುದ್ಧವೇ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋಗಿ ಸಿಂಪಡಣೆಗೆ ತಡೆ ತಂದರು. ಸರ್ಕಾರಿ ನೌಕರರ ಧೈರ್ಯದ ಮಾತು ಬಂದಾಗಲೆಲ್ಲ ನಾನು ಅವರ ಹೆಸರು ಹೇಳುತ್ತೇನೆ. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹೇರಿತು. ಆದರೆ ಅಷ್ಟರಲ್ಲಿ ಹುಟ್ಟಿದ ಮಕ್ಕಳು ಹುಟ್ಟಿಯಾಗಿತ್ತು. ಇಪ್ಪತ್ತೈದು, ಮೂವತ್ತು ವರ್ಷವಾದರೂ ಎತ್ತಿಕೊಂಡೇ ಓಡಾಡಬೇಕಾದ ಮಕ್ಕಳು. ಅವರ ತಾಯಂದಿರು ಕೂಲಿಗೆ ಹೋಗುವ ಹಾಗಿಲ್ಲ. ಮಗುವಿನ ಪಕ್ಕದಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುವುದೊಂದೇ ದಾರಿ.

ಆ ಪಂಚಾಯತುಗಳಲ್ಲಿ ಬಡ್ಸ್ ಶಾಲೆಗಳಿವೆ. ಬುದ್ಧಿಮಾಂದ್ಯ ಮಕ್ಕಳಿಗೆಂದು ಪಂಚಾಯತ್ ಮತ್ತು ಅಲ್ಲಿನ ಹೆಂಗಸರ ಸ್ವಸಹಾಯ ಜಾಲ ಕುಟುಂಬಶ್ರೀ ಸೇರಿ ನಡೆಸುವ ಶಾಲೆ. ಬೆಳಿಗ್ಗೆ ಬಸ್ಸು ಬಂದು ಕರೆದೊಯ್ಯುತ್ತದೆ, ಸಂಜೆ ಬಿಡುತ್ತದೆ. ಮಕ್ಕಳಿಗೆ ಅಲ್ಲಿ ಏನೇನು ಕಲಿಸುತ್ತಾರೆಂಬುದು ದೊಡ್ಡ ಸಂಗತಿಯೇ, ಅದನ್ನು ಇನ್ನೊಂದು ದಿನ ಮಾತಾಡೋಣ. ತಾಯಿಗೆ ಸಿಗುವ ಆ ಆರು ಗಂಟೆಗಳನ್ನು ಮಾತ್ರ ಈಗ ನೋಡಿ. ಅಷ್ಟು ಹೊತ್ತು ಮಲಗಬಹುದು, ಕೆಲಸಕ್ಕೆ ಹೋಗಬಹುದು, ತಲೆಗೆ ಎಣ್ಣೆ ಹಾಕಿ ಸ್ನಾನ ಮಾಡಬಹುದು, ತವರಿನಲ್ಲಿ ಮದುವೆಯಿದ್ದರೆ ಊಟದ ಹೊತ್ತಿಗಾದರೂ ಮುಖ ತೋರಿಸಿ ಬರಬಹುದು. ನಮ್ಮ ದಕ್ಷಿಣ ಕನ್ನಡದಲ್ಲೂ ಕೊಕ್ಕಡ, ಕೊಯ್ಲದಲ್ಲಿ ಎಂಡೋಸಲ್ಫಾನ್ ಪೀಡಿತರಿಗೆ ಹಗಲು ಪಾಲನಾ ಕೇಂದ್ರಗಳಿವೆ. ಅವೂ ಇದೇ ಕೆಲಸ ಮಾಡುತ್ತವೆ. ಅಂಥದ್ದು ಹೋಬಳಿಗೊಂದು ಇದ್ದರೆ ಎಂದು ನನ್ನ ಆಸೆ. ಹಾಗಿರಲು ಊರಿನ ಮೇಲೆ ವಿಷ ಬಿದ್ದಿರಲೇಬೇಕೇ?

ನಮ್ಮ ಸರ್ಕಾರವೂ ಕೈಕಟ್ಟಿ ಕುಳಿತಿಲ್ಲ, ಅದನ್ನೂ ಹೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆರೈಕೆ ಮಾಡುವವರೆಂದರೆ ತಂದೆತಾಯಿಯೂ ಹೌದು, ಮನೆಯವರೂ ಹೌದು, ದುಡ್ಡು ತೆಗೆದುಕೊಂಡರೂ ತೆಗೆದುಕೊಳ್ಳದಿದ್ದರೂ ಹೌದು ಎಂದು ಸ್ಪಷ್ಟವಾಗಿ ಹೇಳಿತು, ಆರೈಕೆ ಭತ್ಯೆಯ ಮಾತನ್ನೂ ಬರೆಯಿತು. 2024-25ರ ಬಜೆಟ್ಟಿನಲ್ಲಿ ಕರ್ನಾಟಕ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ ಸಾವಿರ ರೂಪಾಯಿ ಘೋಷಿಸಿತು. ಸಾವಿರ ದೊಡ್ಡದಲ್ಲ. ಆದರೂ ಮಗನ ಹೆಸರಿನ ಪಕ್ಕದಲ್ಲಿ ತಾಯಿಯ ಹೆಸರೂ ಸರ್ಕಾರದ ಕಡತದಲ್ಲಿ ಏರಿತು ಎಂಬುದನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ. ಒಮ್ಮೆ ಏರಿದ ಹೆಸರಿಗೆ ನಾಳೆ ಇನ್ನೂ ಏನಾದರೂ ಕೇಳಬಹುದು.

ಈ ಅರ್ಜಿಗಳನ್ನು ಊರಿನಲ್ಲಿ ಓಡಾಡಿ ಮಾಡಿಸುವವರು ಯಾರು ಗೊತ್ತೇ? ನಮ್ಮ ಪಂಚಾಯತಿನ ವಿ.ಆರ್.ಡಬ್ಲ್ಯೂ., ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅಂಗವಿಕಲರಲ್ಲೇ ಒಬ್ಬರನ್ನು ಈ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ನಮ್ಮವರಿಗೆ ಪೋಲಿಯೋದಿಂದ ಒಂದು ಕಾಲು ಸ್ವಾಧೀನವಿಲ್ಲ. ಹಿಂದೆ ಎರಡು ಚಕ್ರ ಹೆಚ್ಚಿಗೆ ಹಾಕಿಸಿದ ಸ್ಕೂಟರಿನಲ್ಲಿ ಮಳೆಗಾಲದಲ್ಲೂ ಗುಡ್ಡೆ ಹತ್ತಿ ಬರುತ್ತಾರೆ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಫೋಟೊ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಎಲ್ಲ ಅವರೇ ನೋಡಿ ಜೋಡಿಸಿ ಒಯ್ಯುತ್ತಾರೆ. ಕೊಡುವ ಗೌರವಧನ ಈ ಓಡಾಟಕ್ಕೆ ತಕ್ಕದ್ದಲ್ಲ. ಇಂಥವರ ಸಂಬಳ ಹೆಚ್ಚಿಸಿ ಎಂದು ಕೇಳುವುದೂ ಮನೆಯಲ್ಲಿ ಆರೈಕೆ ಮಾಡುವವರ ಪರವಾಗಿ ಕೇಳಿದಂತೆಯೇ.

ನೆರೆಮನೆಯ ಅಕ್ಕ ಈ ಸಾವಿರದ ಸುದ್ದಿ ಕೇಳಿ ಅವರಿಗೆ ಫೋನು ಮಾಡಿಸಿದ್ದರು. ಅವರು ಬಂದು, ಕುಳಿತು, ಅಜ್ಜಿಯ ಕಾಗದಗಳನ್ನೆಲ್ಲ ನೋಡಿ, "ಅಕ್ಕಾ, ಪಟ್ಟಿಯಲ್ಲಿ ನಾಲ್ಕೇ ಕಾಯಿಲೆ ಉಂಟು, ಪಾರ್ಶ್ವವಾಯು ಅದ್ರಲ್ಲಿ ಇಲ್ಲ" ಎಂದರು. ಹೇಳಲು ಅವರಿಗೇ ಕಷ್ಟವಾಯಿತು. ಮರೆವಿನ ಕಾಯಿಲೆಯೂ ಪಟ್ಟಿಯಲ್ಲಿಲ್ಲ. ಮಗ್ಗುಲು ಬದಲಿಸುವ ಕೈಗೆ ಕಾಯಿಲೆಯ ಹೆಸರಿನಿಂದ ಭಾರ ಹೆಚ್ಚುಕಡಿಮೆ ಆಗುತ್ತದೆಯೇ? ಪಟ್ಟಿ ಬೆಳೆಯಬೇಕು. ಇಲ್ಲವಾದರೆ ಕಾಯಿಲೆಯ ಹೆಸರು ಬಿಟ್ಟು, ಮಲಗಿದವರಿಗೆ ಎಷ್ಟು ಆಸರೆ ಬೇಕು ಎಂಬುದನ್ನೇ ಅಳತೆ ಮಾಡಬೇಕು.

ಆದರೆ ಅವರು ಅಷ್ಟಕ್ಕೇ ಎದ್ದು ಹೋಗಲಿಲ್ಲ. ಗ್ರಾಮ ಪಂಚಾಯತುಗಳು ತಮ್ಮ ಸ್ವಂತ ವರಮಾನದ ಐದು ಶೇಕಡಾ ಹಣವನ್ನು ಅಂಗವಿಕಲರಿಗಾಗಿ ತೆಗೆದಿಡಬೇಕೆಂಬ ನಿಯಮವಿದೆಯಲ್ಲ, ಅದರಲ್ಲಿ ಗಾಳಿ ಹಾಸಿಗೆ, ಕಮೋಡ್ ಕುರ್ಚಿ ಕೇಳಬಹುದು ಎಂದರು. ಕೇಳುವುದಾದರೆ ಗ್ರಾಮಸಭೆಯಲ್ಲೇ ಎದ್ದು ನಿಂತು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಇಲ್ಲದಿದ್ದರೆ ಮಾತು ಗಾಳಿಗೆ ಹೋಗುತ್ತದೆ ಎಂದೂ ಹೇಳಿಕೊಟ್ಟರು. ಅಕ್ಕ ಯೋಚನೆ ಮಾಡಿ, "ಹಾಸಿಗೆ ಕೊಟ್ರೆ ಒಳ್ಳೆದೇ. ಆದ್ರೆ ವಾರಕ್ಕೆ ಎರಡು ದಿನ ಎರಡೆರಡು ಗಂಟೆ ಇಲ್ಲಿ ಕೂರ್ಲಿಕ್ಕೆ ಒಬ್ರನ್ನು ಕೊಡ್ಲಿಕ್ಕೆ ಆಗ್ತದಾ ಕೇಳಿ. ಇಂಥ ಮನೆ ನಮ್ಮ ವಾರ್ಡಲ್ಲೇ ಏಳೆಂಟು ಉಂಟು" ಎಂದರು. ವಿ.ಆರ್.ಡಬ್ಲ್ಯೂ. ತಮ್ಮ ಡೈರಿಯಲ್ಲಿ ಆ ಮನೆಗಳ ಹೆಸರು ಒಂದೊಂದಾಗಿ ಕೇಳಿ ಬರೆದುಕೊಂಡರು. ಗ್ರಾಮಸಭೆಗೆ ಅಕ್ಕ ಹೋಗಬೇಕಾದರೆ ಅಷ್ಟು ಹೊತ್ತು ಅಜ್ಜಿಯ ಹತ್ತಿರ ಯಾರಾದರೂ ಇರಬೇಕಲ್ಲ. ನಾನು ಕೂರುತ್ತೇನೆ ಎಂದಿದ್ದೇನೆ. ದಿನ ಗೊತ್ತುಮಾಡಿದ ಕೂಡಲೇ ಪಿಡಿಒ ಮೇಡಂ ತಿಳಿಸುತ್ತಾರಂತೆ.